ಎರಡು ವರ್ಷ, ಎರಡು ಫೈನಲ್, ಅದೇ ಫ್ಲೋರಿಡಾ: ಆಯಿಲರ್ಸ್ ಕಪ್ ಕಳ್ಕೊಂಡಿದ್ದು ಎಲ್ಲಿ?

ಜಯನಗರ_ಟು_ಎಡ್ಮಂಟನ್:
ಎಲ್ರಿಗೂ ನಮಸ್ಕಾರ. ಎನ್‌ಎಚ್‌ಎಲ್ ಅಂದ್ರೆ ಅಮೆರಿಕ-ಕೆನಡಾದ ಐಸ್ ಹಾಕಿ ಲೀಗ್ ನೋಡೋ ಕನ್ನಡದವ್ರು ಇಲ್ಲಿ ಒಂದಷ್ಟು ಜನ ಇದೀರ ಅಂತ ಗೊತ್ತು, ಅದಕ್ಕೇ ಈ ಥ್ರೆಡ್ ಶುರು ಮಾಡ್ತಿದೀನಿ. ನಮ್ಮ ಎಡ್ಮಂಟನ್ ಆಯಿಲರ್ಸ್ ಫೈನಲ್ ಸೋತಿದ್ದು 2024ರಲ್ಲಿ ಏಳನೇ ಮ್ಯಾಚಲ್ಲಿ 2-1, 2025ರಲ್ಲಿ ಆರನೇ ಮ್ಯಾಚಲ್ಲಿ 5-1, ಎರಡೂ ಸಲ ಫ್ಲೋರಿಡಾ ಪ್ಯಾಂಥರ್ಸ್, ಎರಡೂ ಸಲ ಅವರ ಸನ್‌ರೈಸ್ ಊರಲ್ಲೇ ಅವರು ಲೀಗ್ ಟ್ರೋಫಿ ಸ್ಟ್ಯಾನ್ಲಿ ಕಪ್ ಎತ್ತಿದ್ದು. ಇಲ್ಲಿ ಎಡ್ಮಂಟನ್‌ನಲ್ಲಿ ಯಾರನ್ನ ಕೇಳಿದ್ರೂ 2024ರ ಗೇಮ್ 7 ಬಗ್ಗೆನೇ ಮಾತು, ಸೆಕೆಂಡ್ ಪೀರಿಯಡ್ ಕೊನೇಲಿ ಫ್ಲೋರಿಡಾದ ಸ್ಯಾಮ್ ರೈನ್‌ಹಾರ್ಟ್ ಬಲಗಡೆಯಿಂದ ಹೊಡೆದ ಆ ಶಾಟ್, ನಮ್ಮ ಗೋಲಿ (ಗೋಲ್‌ಕೀಪರ್) ಸ್ಟುವರ್ಟ್ ಸ್ಕಿನ್ನರ್ ಅದನ್ನ ಹಿಡೀಬೇಕಿತ್ತು, ಅಷ್ಟೇ. ನಾನು ಇದನ್ನ ಒಪ್ಪಲ್ಲ. 2024ರ ಕಪ್ ಹೋಗಿದ್ದು ಗೇಮ್ 7ರಲ್ಲಿ ಅಲ್ಲ, ಮೊದಲನೇ ಮೂರು ಮ್ಯಾಚಲ್ಲಿ, ಅದೂ ಪವರ್ ಪ್ಲೇಯಲ್ಲಿ, ಅಂದ್ರೆ ಎದುರಿನವ್ರಲ್ಲಿ ಒಬ್ಬ ತಪ್ಪು ಮಾಡಿ ಹೊರಗೆ ಕೂತಿರೋ ಎರಡು ನಿಮಿಷದಲ್ಲಿ.

ಲೆಕ್ಕ ನೋಡಿ. ಗೇಮ್ 1ರಲ್ಲಿ ನಮ್ಮವ್ರು 32 ಶಾಟ್ ಹೊಡೆದ್ರು, ಅವರದ್ದು 18, ಸ್ಕೋರ್ 3-0 ಅವರಿಗೆ, ಯಾಕಂದ್ರೆ ಅವರ ಗೋಲಿ ಬೊಬ್ರೋವ್‌ಸ್ಕಿ 32ಕ್ಕೆ 32 ತಡೆದ. ಗೇಮ್ 2ರಲ್ಲಿ ಮಟಿಯಾಸ್ ಎಕ್‌ಹೋಮ್ ಗೋಲಿಂದ ಮೊದಲು ನಾವೇ ಲೀಡ್ ತಗೊಂಡ್ವಿ, ಆಮೇಲೆ ಅವರ ಇವಾನ್ ರಾಡ್ರಿಗೆಸ್ ಥರ್ಡ್ ಪೀರಿಯಡಲ್ಲಿ ಎರಡು ಹೊಡೆದು 4-1 ಆಗೋಯ್ತು. ಗೇಮ್ 3ರಲ್ಲಿ 4-1 ಹಿಂದೆ ಬಿದ್ದು 4-3ವರೆಗೆ ಬಂದ್ವಿ. ಈ ಮೂರೂ ಮ್ಯಾಚ್ ಸೇರಿ ಆಯಿಲರ್ಸ್‌ಗೆ 10 ಪವರ್ ಪ್ಲೇ ಸಿಕ್ತು, ಗೋಲ್ ಸೊನ್ನೆ. ಇದು ಯಾವ ಟೀಮು ಅಂದ್ರೆ 2022-23 ಸೀಸನ್‌ನಲ್ಲಿ ನೂರಕ್ಕೆ 32.4 ಪವರ್ ಪ್ಲೇ ಗೋಲ್ ಮಾಡಿ ಲೀಗ್ ದಾಖಲೆ ಬರೆದ ಟೀಮು. ಹತ್ತರಲ್ಲಿ ಎರಡು ಒಳಗೆ ಹೋಗಿದ್ರೂ ಒಂದು ಮ್ಯಾಚ್ ತಿರುಗ್ತಿತ್ತು, ಗೇಮ್ 7 ಅನ್ನೋದೇ ಬೇಕಿರಲಿಲ್ಲ, ಯಾಕಂದ್ರೆ 4, 5, 6 ನಾವೇ ಗೆದ್ವಲ್ಲ.

ನಿಮಗೇನನ್ಸುತ್ತೆ ಹೇಳಿ.

ಸೌಮ್ಯ_ಮೈಸೂರು:
ಸರ್, ತಮ್ಮ ಕ್ಯಾಲ್ಗರಿಗೆ ಹೋದ್ಮೇಲೆ ನಾನೂ ನೋಡೋಕ್ ಶುರು ಮಾಡ್ದೆ, ನಮ್ಗಿಲ್ಲಿ ಬೆಳಗ್ಗೆ ಐದೂವರೆಗೆ ಬರುತ್ತೆ, ತಿಂಡಿ ಕೆಲಸ ಮಾಡ್ತಾ ನೋಡ್ತೀನಿ. ಆಟ ಅರ್ಥ ಆಗುತ್ತೆ, ಸೀಸನ್ ಹೇಗೆ ನಡೆಯುತ್ತೆ ಅನ್ನೋದು ಮಾತ್ರ ಇನ್ನೂ ಗೊಂದಲ. ಸೋತ ಟೀಮ್‌ಗೂ ಒಂದು ಪಾಯಿಂಟ್ ಯಾಕೆ ಕೊಡ್ತಾರೆ? ಮತ್ತೆ ಪ್ಲೇಆಫ್‌ನಲ್ಲಿ ಓವರ್‌ಟೈಮ್ ಯಾಕೆ ಮುಗಿಯೋದೇ ಇಲ್ಲ, ಸೀಸನ್‌ನಲ್ಲಾದ್ರೆ ಬೇಗ ಮುಗಿಯುತ್ತಲ್ಲ?

ಜಯನಗರ_ಟು_ಎಡ್ಮಂಟನ್:
ಒಳ್ಳೇ ಪ್ರಶ್ನೆ ಮೇಡಂ. 32 ಟೀಮು, ಪೂರ್ವ ಪಶ್ಚಿಮ ಅಂತ ಎರಡು ಕಾನ್ಫರೆನ್ಸ್, ಒಂದೊಂದ್ರಲ್ಲಿ ಎರಡು ಡಿವಿಷನ್. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಒಂದೊಂದು ಟೀಮಿಗೆ 82 ಮ್ಯಾಚ್ (2025-26ರವರೆಗೆ). ಗೆದ್ರೆ 2 ಪಾಯಿಂಟ್. 60 ನಿಮಿಷಕ್ಕೆ ಟೈ ಆದ್ರೆ ಗೋಲಿ ಬಿಟ್ಟು ಮೂರು ಮೂರು ಜನ ಇಟ್ಕೊಂಡು ಐದು ನಿಮಿಷ ಆಡ್ತಾರೆ, ಅದರಲ್ಲೂ ಆಗ್ದಿದ್ರೆ ಶೂಟೌಟ್, ಎರಡರಲ್ಲಿ ಎಲ್ಲಿ ಸೋತವರಿಗೂ ಆ 60 ನಿಮಿಷ ಸಮ ಆಡಿದ್ದಕ್ಕೆ ಅಂತ 1 ಪಾಯಿಂಟ್. ಪ್ರತಿ ಡಿವಿಷನ್‌ನ ಮೊದಲ ಮೂರು, ಪ್ಲಸ್ ಕಾನ್ಫರೆನ್ಸಿಗೆ ಎರಡು ವೈಲ್ಡ್ ಕಾರ್ಡ್ (ಉಳಿದವ್ರಲ್ಲಿ ಜಾಸ್ತಿ ಪಾಯಿಂಟ್ ಇರೋರು), ಒಟ್ಟು 16 ಟೀಮು ಪ್ಲೇಆಫ್‌ಗೆ.

ಅಲ್ಲಿಂದ ಆಟವೇ ಬೇರೆ. ನಾಲ್ಕು ರೌಂಡು, ಪ್ರತಿ ರೌಂಡೂ ಏಳರಲ್ಲಿ ನಾಲ್ಕು ಗೆದ್ದವ್ರು ಮುಂದೆ, ಅಂದ್ರೆ ಕಪ್ಪಿಗೆ 16 ಗೆಲುವು ಬೇಕು. ಓವರ್‌ಟೈಮ್ ಐದೈದು ಜನನೇ, 20 ನಿಮಿಷದ ಪೂರ್ತಿ ಪೀರಿಯಡ್, ಮೊದಲ ಗೋಲ್ ಬೀಳೋವರೆಗೂ ನಡೀತಾನೇ ಇರುತ್ತೆ, ಶೂಟೌಟ್ ಇಲ್ಲವೇ ಇಲ್ಲ. 2025ರ ಫೈನಲ್ ಗೇಮ್ 2 ನೆನಪಿದ್ಯಾ, ಎರಡನೇ ಓವರ್‌ಟೈಮಲ್ಲಿ ಫ್ಲೋರಿಡಾದ ಬ್ರಾಡ್ ಮಾರ್ಷಂಡ್ ಒಬ್ನೇ ನುಗ್ಗಿ ಹೋಗಿ ಮುಗ್ಸಿದ್ದು? ಅದು ಈ ನಿಯಮದಿಂದ.

ಹುಬ್ಬಳ್ಳಿ_ಮಂದಿ:
ಅಣ್ಣಾರ, ಪವರ್ ಪ್ಲೇ ಮಾತು ಖರೆ ಅದ, ಆದ್ರ ನೀವು ಸೀಸನ್ ಮರತ್ರಿ. 2023ರ ನವೆಂಬರ್‌ದಾಗ ಆಯಿಲರ್ಸ್ ಹೆಂಗಿದ್ರು? 13 ಮ್ಯಾಚಿನ್ಯಾಗ 3 ಗೆದ್ದಿದ್ರು, 9 ಸೋತಿದ್ರು, ಒಂದು ಓವರ್‌ಟೈಮಿನ್ಯಾಗ ಹೋತು. ಕೋಚ್ ಜೇ ವುಡ್‌ಕ್ರಾಫ್ಟ್‌ನ ತಗದ್ರು, ಕ್ರಿಸ್ ನಾಬ್ಲಾಕ್ ಬಂದ, ಆಯಿಲರ್ಸ್ ಕ್ಯಾಪ್ಟನ್ ಮೆಕ್‌ಡೇವಿಡ್ ಜೂನಿಯರ್ ಇದ್ದಾಗ ಈರಿ ಆಟರ್ಸ್ ಟೀಮಿನ್ಯಾಗ ಅವನ ಕೋಚ್ ಇದ್ದಾಂವನ. ಆಮ್ಯಾಲ ಡಿಸೆಂಬರ್ ಕಡೀಕಿಂದ ಜನವರಿ ಕಡೀತನ ಒಂದರ ಹಿಂದ ಒಂದು 16 ಮ್ಯಾಚ್ ಗೆದ್ರು. ಪಿಟ್ಸ್‌ಬರ್ಗ್ 1992-93ರಾಗ ಮಾಡಿದ 17ರ ದಾಖಲೆಗೆ ಒಂದ ಕಡಿಮಿ ಬಿತ್ತು, ವೇಗಸ್‌ನ್ಯಾಗ ಸೋತು ನಿಂತ್ತು. ಇಷ್ಟೆಲ್ಲಾ ಮಾಡಿನೂ ಸೀಸನ್ ಮುಗದಾಗ 104 ಪಾಯಿಂಟ್. ಫ್ಲೋರಿಡಾದ್ದು 110. ಪಾಯಿಂಟ್ ಜಾಸ್ತಿ ಇದ್ದವರ ಊರಾಗ ಕಡೀ ಮ್ಯಾಚ್ ಆಗತದ, ಅದಕ್ಕ ಗೇಮ್ 7 ಸನ್‌ರೈಸ್‌ನ್ಯಾಗ ಆತು. ಮೊದಲನೇ ತಿಂಗಳಾ ನಾಕು ಮ್ಯಾಚ್ ಜಾಸ್ತಿ ಗೆದ್ದಿದ್ರ ಗೇಮ್ 7 ಎಡ್ಮಂಟನ್‌ದಾಗ, ತಮ್ಮ ಮಂದಿ ಮುಂದ. ಆ ಊರಾಗಿನ ಗದ್ದಲಾ ನೀವು ನನಗಿಂತ ಛಲೋ ಬಲ್ಲಿರಿ. ನನ್ನ ಮಾತ ಇಷ್ಟರೀ, ಕಪ್ ಅಕ್ಟೋಬರ್‌ದಾಗ ಹೋತು.

ಜಯನಗರ_ಟು_ಎಡ್ಮಂಟನ್:
ಅಣ್ಣ, ಪಾಯಿಂಟ್ ಸರಿ ಇದೆ, ಆದ್ರೆ 2025 ನೋಡಿ. ಈ ಸಲ ನಮ್ದು 101, ಫ್ಲೋರಿಡಾದ್ದು 98, ಅವರು ಅಟ್ಲಾಂಟಿಕ್‌ನಲ್ಲಿ ಮೂರನೇ ಜಾಗ. ಹೋಮ್ ಐಸ್, ಅಂದ್ರೆ ಗೇಮ್ 7 ಸ್ವಂತ ಊರಲ್ಲಿ ಆಡೋ ಅನುಕೂಲ, ನಮ್ಮದೇ ಇತ್ತು. ಏನಾಯ್ತು? ಮನೇಲಿ ಆಡಿದ ಮೂರರಲ್ಲಿ ಎರಡು ಸೋತ್ವಿ, ಗೇಮ್ 2 ಮತ್ತೆ ಗೇಮ್ 5. ಈ ಪ್ಲೇಆಫ್‌ನಲ್ಲಿ ಪ್ಯಾಂಥರ್ಸ್ ಹೊರಗಡೆನೇ 10 ಮ್ಯಾಚ್ ಗೆದ್ದಿದಾರೆ, ಅದು ದಾಖಲೆಗೆ ಸಮ. ಅವರ ಸ್ಯಾಮ್ ಬೆನೆಟ್ ಹೊಡೆದ 15ರಲ್ಲಿ 13 ಗೋಲ್ ಬೇರೆಯವ್ರ ಊರಲ್ಲಿ. ಇಂಥ ಟೀಮಿಗೆ ಯಾರ ಗದ್ದಲನೂ ತಾಕಲ್ಲ.

ಟೊರೊಂಟೊ_ರಾಯ:
ಇದನ್ನ ನಮ್ ಹತ್ರ ಕೇಳಿ. ನಮ್ ಟೊರೊಂಟೊ ಲೀಫ್ಸ್ 2025ರಲ್ಲಿ 108 ಪಾಯಿಂಟ್ ತಗೊಂಡು ಡಿವಿಷನ್ ಗೆದ್ರು, ಎರಡನೇ ರೌಂಡಲ್ಲಿ ಇದೇ ಫ್ಲೋರಿಡಾ ವಿರುದ್ಧ 2-0 ಮುಂದಿದ್ರು, ಗೇಮ್ 7 ನಮ್ ಊರಲ್ಲೇ, 6-1 ಸೋತ್ವಿ. 1967ರಿಂದ ಕಪ್ ಇಲ್ಲ. ಕೆನಡಾಕ್ಕೇ ಕಪ್ ಬಂದಿದ್ದು ಕೊನೇದಾಗಿ 1993ರಲ್ಲಿ, ಮಾಂಟ್ರಿಯಲ್‌ಗೆ. ಅದಕ್ಕೇ 2024ರ ಜೂನ್‌ನಲ್ಲಿ ಟೊರೊಂಟೊದಲ್ಲೂ ಎಷ್ಟೋ ಜನ ಆಯಿಲರ್ಸ್ ಗೆಲ್ಲಲಿ ಅಂತ ಕೂತಿದ್ರು, ನಾನೂ ಅವರಲ್ಲಿ ಒಬ್ಬ. ಗೇಮ್ 4 8-1 ಆಯ್ತಲ್ಲ, ಬೊಬ್ರೋವ್‌ಸ್ಕಿನ ಐದು ಗೋಲ್ ಆದ್ಮೇಲೆ ಹೊರಗೆ ಕರ್ಕೊಂಡ್ರಲ್ಲ, ಅವತ್ತು ನಂಗೆ ನಂಬಿಕೆ ಬಂತು.

0-3ರಿಂದ ಬಂದು ಫೈನಲ್ ಗೆದ್ದಿರೋದು ಇತಿಹಾಸದಲ್ಲಿ ಒಂದೇ ಟೀಮು, 1942ರ ಟೊರೊಂಟೊ. 0-3ರಿಂದ 3-3 ಮಾಡಿ ಏಳನೇದು ಸೋತಿದ್ದು 1945ರ ಡೆಟ್ರಾಯಿಟ್, ಅದಾದ್ಮೇಲೆ 2024ರ ಎಡ್ಮಂಟನ್. ಎಷ್ಟು ಅಪರೂಪ ಯೋಚನೆ ಮಾಡಿ. ಈ ಎರಡು ಊರಿನ ಮಧ್ಯೆ ಸುಮಾರು 4,000 ಕಿಲೋಮೀಟರ್, ಎರಡು ಗಂಟೆ ಸಮಯ ವ್ಯತ್ಯಾಸ, ಗೇಮ್ 4 ಆದ್ಮೇಲೆ ಅಲ್ಲಿಗೆ, ಅಲ್ಲಿಂದ ವಾಪಸ್, ಮತ್ತೆ ಅಲ್ಲಿಗೆ. ಏಳನೇ ಮ್ಯಾಚಲ್ಲಿ ಕಾಲು ಖಾಲಿ ಆಗಿತ್ತು ಅನ್ನೋದು ನನ್ನ ಅಭಿಪ್ರಾಯ. ಮೆಕ್‌ಡೇವಿಡ್ ಗೇಮ್ 4ರಲ್ಲಿ ನಾಲ್ಕು ಪಾಯಿಂಟ್ (ಗೋಲ್, ಅಸಿಸ್ಟ್ ಅಂದ್ರೆ ಗೋಲಾಗೋಕೆ ಕೊಟ್ಟ ಪಾಸ್, ಎರಡೂ ಸೇರಿ), ಗೇಮ್ 5ರಲ್ಲಿ ನಾಲ್ಕು ಪಾಯಿಂಟ್, 6 ಮತ್ತೆ 7ರಲ್ಲಿ ಸೊನ್ನೆ.

ಗೋಣಿಕೊಪ್ಪ_ಹಾಕಿ:
ನಾನು ಫೀಲ್ಡ್ ಹಾಕಿ ಕಡೆಯವನು, ನಮ್ಮಲ್ಲಿ ಮನೆಮನೆಗೂ ಸ್ಟಿಕ್ ಇರುತ್ತೆ, ಪ್ರತಿ ವರ್ಷ ಕೊಡವ ಹಾಕಿ ಹಬ್ಬದಲ್ಲಿ ಒಂದೊಂದು ಮನೆತನ ಒಂದೊಂದು ಟೀಮಾಗಿ ಇಳಿಯುತ್ತೆ. ಐಸ್ ಹಾಕಿ ನೋಡೋಕೆ ಶುರು ಮಾಡಿ ಸ್ವಲ್ಪ ಕಾಲ ಆಯ್ತು. ಒಂದು ಡೌಟು. ನಮ್ಮಲ್ಲಿ ಪೆನಾಲ್ಟಿ ಕಾರ್ನರ್ ಸಿಕ್ಕಿದ್ರೆ ಇಂಜೆಕ್ಷನ್, ಟ್ರ್ಯಾಪ್, ಡ್ರ್ಯಾಗ್ ಫ್ಲಿಕ್, ಎಲ್ಲ ಕಟ್ಟಿಟ್ಟ ಪ್ಲಾನ್, ಎದುರಿನ ಟೀಮು ಫ್ಲಿಕ್ ಮಾಡೋನ ವಿಡಿಯೋ ನೋಡಿ ಫಸ್ಟ್ ರಶರ್ (ತಡೆಯೋಕೆ ಮೊದಲು ಓಡಿ ಬರೋನು) ಯಾವ ಲೈನಲ್ಲಿ ಓಡ್ಬೇಕು ಅಂತ ಮೊದಲೇ ಫಿಕ್ಸ್ ಮಾಡಿರುತ್ತೆ. ಇಲ್ಲಿ ಪವರ್ ಪ್ಲೇ ಅಂದ್ರೆ ಎರಡು ನಿಮಿಷ ಐದು ಜನರ ವಿರುದ್ಧ ನಾಲ್ಕು ಜನ. ಒಬ್ಬ ಜಾಸ್ತಿ ಇದ್ದಾಗಲೂ 10ಕ್ಕೆ ಸೊನ್ನೆ ಅಂದ್ರೆ ಬರೀ ದುರದೃಷ್ಟ ಇರಲ್ಲ, ಫ್ಲೋರಿಡಾ ಏನೋ ಓದ್ಕೊಂಡು ಬಂದಿರ್ಬೇಕು. ಅದೇನು?

ಜಯನಗರ_ಟು_ಎಡ್ಮಂಟನ್:
ಇದಕ್ಕೇ ಕಾಯ್ತಿದ್ದೆ. ಆಯಿಲರ್ಸ್ ಪವರ್ ಪ್ಲೇ ಕೂರೋದು ಹೀಗೆ: ಮೇಲೆ ಬ್ಲೂ ಲೈನ್ (ಎದುರಾಳಿ ಭಾಗ ಶುರುವಾಗೋ ಗೆರೆ) ಹತ್ರ ಇವಾನ್ ಬುಷಾರ್ಡ್, ಅವನ ಶಾಟ್ ಸಿಕ್ಕಾಪಟ್ಟೆ ಜೋರು. ಗೋಲ್ ಮುಂದೆ ಜಾಕ್ ಹೈಮನ್ ನಿಂತು ಗೋಲಿಗೆ ಕಣ್ಣು ಕಾಣ್ದಂಗೆ ಮಾಡ್ತಾನೆ, ಆ ವರ್ಷ ಸೀಸನ್‌ನಲ್ಲಿ 54 ಗೋಲ್, ಪ್ಲೇಆಫ್‌ನಲ್ಲಿ 16. ಎಡಗಡೆ ಬೋರ್ಡ್ (ಐಸ್ ಸುತ್ತಲಿನ ಗೋಡೆ) ಹತ್ರ ಮೆಕ್‌ಡೇವಿಡ್, ಬಲಗಡೆ ಕೆಳಗೆ ಗೋಲ್ ಲೈನ್ ಹತ್ರದ ಕಿರಿದಾದ ಕೋನದಲ್ಲಿ ಲಿಯೋನ್ ಡ್ರೈಸೈಟ್ಲ್. ಅಲ್ಲಿಂದ ಬೇರೆ ಯಾರೂ ಗೋಲ್ ಹೊಡೆಯಲ್ಲ, ಅವನು ಹೊಡೀತಾನೆ. ಮಧ್ಯದಲ್ಲಿ ನ್ಯೂಜೆಂಟ್-ಹಾಪ್ಕಿನ್ಸ್. ಇದರ ಜೀವ ಇರೋದು ಆ ಅಡ್ಡ ಪಾಸಲ್ಲಿ, ಮೆಕ್‌ಡೇವಿಡ್‌ನಿಂದ ಡ್ರೈಸೈಟ್ಲ್‌ಗೆ, ಗೋಲಿ ಎಡದಿಂದ ಬಲಕ್ಕೆ ಸರಿಯೋ ಅಷ್ಟರಲ್ಲಿ ಪಕ್ (ಚೆಂಡಿನ ಬದಲು ಇರೋ ರಬ್ಬರ್ ಬಿಲ್ಲೆ) ಒಳಗೆ.

ಫ್ಲೋರಿಡಾ ಆ ಪಾಸ್ ದಾರಿನೇ ಮುಚ್ಚಿತು. ಅಲೆಕ್ಸಾಂಡರ್ ಬಾರ್ಕೋವ್ ಅನ್ನೋ ಕ್ಯಾಪ್ಟನ್ ಇದಾನಲ್ಲ, ಡಿಫೆನ್ಸ್ ಆಡೋ ಬೆಸ್ಟ್ ಫಾರ್ವರ್ಡ್‌ಗೆ ಕೊಡೋ ಸೆಲ್ಕೆ ಟ್ರೋಫಿ 2021, 2024, 2025 ಮೂರು ಸಲ ತಗೊಂಡಿದಾನೆ. ಅವನ ಸ್ಟಿಕ್ ಯಾವಾಗ್ಲೂ ಆ ದಾರಿಯಲ್ಲೇ ಇರುತ್ತೆ. ಅದರ ಜೊತೆ ನಮ್ಮವ್ರು ಪಕ್ ಒಳಗೆ ತರೋ ಮುಂಚೆನೇ ಬ್ಲೂ ಲೈನಲ್ಲಿ ಇಬ್ರು ಮೇಲೆ ಬೀಳ್ತಿದ್ರು, ಅಲ್ಲೇ 15-20 ಸೆಕೆಂಡ್ ಹೋಗ್ತಿತ್ತು, ಮತ್ತೆ ಹಿಂದೆ ಹೋಗಿ ಶುರು ಮಾಡೋದು. ಎರಡು ನಿಮಿಷದಲ್ಲಿ ಸೆಟ್ ಆಗಿ ಕೂರೋಕೆ ಸಿಕ್ಕಿದ್ದು ಎಷ್ಟು ಹೊತ್ತು ಅಂತ ಗೇಮ್ 2 ಹಾಕ್ಕೊಂಡು ನೋಡಿ, ಆ ಮ್ಯಾಚಲ್ಲಿ ಇಡೀ 60 ನಿಮಿಷಕ್ಕೆ ನಮ್ ಶಾಟು ಬರೀ 19.

ಮಂಗ್ಳೂರು_ಗೋಲಿ:
ಪವರ್ ಪ್ಲೇ ಎಲ್ಲ ಸರಿ ಮಾರಾಯ್ರೆ, ಇನ್ನೊಂದು ಬದಿಯೂ ಉಂಟಲ್ಲ. ಅದೇ 2024ರ ಪ್ಲೇಆಫ್‌ನಲ್ಲಿ ಆಯಿಲರ್ಸ್ ಪೆನಾಲ್ಟಿ ಕಿಲ್ (ಒಬ್ಬ ಕಡಿಮೆ ಇರುವಾಗ ಎದುರಾಳಿಯನ್ನು ತಡೆಯುದು) 70ರಲ್ಲಿ 66 ತಡೆದದ್ದು, ನೂರಕ್ಕೆ 94. ಗೇಮ್ 4ರಲ್ಲಿ ಮೊದಲ ಗೋಲ್ ಯಾನ್‌ಮಾರ್ಕ್‌ನದ್ದು, ಗೇಮ್ 5ರಲ್ಲಿ ಕಾನರ್ ಬ್ರೌನ್‌ದು, ಎರಡೂ ಒಬ್ಬ ಕಡಿಮೆ ಇರುವಾಗ ಹೊಡೆದದ್ದು. ಹಾಗಾಗಿ ಪವರ್ ಪ್ಲೇ, ಪೆನಾಲ್ಟಿ ಕಿಲ್ ಎರಡೂ ಸೇರಿದ ಸ್ಪೆಷಲ್ ಟೀಮ್ಸ್‌ನಿಂದಲೇ ಸೋತದ್ದು ಅಂತ ಹೇಳ್ಲಿಕ್ಕೆ ಆಗುದಿಲ್ಲ, ಅದರಿಂದಲೇ ಎದ್ದು ಬಂದದ್ದು ಕೂಡ ಹೌದು.

ಮತ್ತೆ ಸ್ಕಿನ್ನರ್‌ನ್ನು ಎಲ್ಲರೂ ಬಯ್ಯುದು ನಂಗೆ ಬೇಜಾರು. ನಾನು ಶಾಲೆಯಲ್ಲಿ ಫುಟ್‌ಬಾಲ್ ಗೋಲಿ ನಿಂತವ, ಹತ್ತು ಹಿಡಿದದ್ದು ಯಾರಿಗೂ ನೆನಪಿರುದಿಲ್ಲ. ಆಗಿನ ದುಡ್ಡು ನೋಡಿ, ಬೊಬ್ರೋವ್‌ಸ್ಕಿಗೆ ವರ್ಷಕ್ಕೆ 1 ಕೋಟಿ ಡಾಲರ್, ಸ್ಕಿನ್ನರ್‌ಗೆ 26 ಲಕ್ಷ. ಗೇಮ್ 7ರಲ್ಲಿ ಫ್ಲೋರಿಡಾ 21 ಶಾಟ್ ಹೊಡೆದದ್ದು, ಇವ 19 ತಡೆದ. ಮೊದಲ ಗೋಲ್ ರಾಡ್ರಿಗೆಸ್ ಹೊಡೆದದ್ದಕ್ಕೆ ವರ್ಹೇಗೆ ಸ್ಟಿಕ್ ತಾಗಿಸಿ ದಿಕ್ಕು ಬದಲಿಸಿದ್ದು, ಅದನ್ನು ಯಾವ ಗೋಲಿ ಹಿಡಿತಾನೆ? ಟೀಮು ಎರಡು ಗೋಲ್ ಹೊಡಿಲಿಕ್ಕೆ ಆಗ್ಲಿಲ್ಲ, ಅದು ಅವನ ತಪ್ಪಾ?

ಹುಬ್ಬಳ್ಳಿ_ಮಂದಿ:
ಗೋಲಿ ಅಣ್ಣಾ, ನಿಮ್ಮ ಮಾತು ಒಪ್ಪತೇನಿ, ಆದ್ರ ಗೇಮ್ 3 ತರಾಸೆಂಕೊ ಗೋಲ್ ಸ್ಕಿನ್ನರ್ ಗೋಲ್ ಹಿಂದ ಹೋಗಿ ಪಕ್ ಸರಿ ಆಡಲಿಲ್ಲಂತ ಬಿತ್ತು. ಅದರ ಮ್ಯಾಲ ಡಾರ್ನೆಲ್ ನರ್ಸ್ ಪಕ್ ಕಳಕೊಂಡ, ಬೆನೆಟ್ ಹೊಡದ. ಆಮ್ಯಾಲ ಬಾರ್ಕೋವ್. ಸ್ವಲ್ಪ ಹೊತ್ತಿನ್ಯಾಗ ಮೂರು. ಹಿಂಗ ತಪ್ಪು ಮಾಡಸೂದ ಫ್ಲೋರಿಡಾದ ಆಟ. ಫೋರ್‌ಚೆಕ್ ಅಂತಾರಲ್ಲ, ಎದುರಿನವ್ರ ಮೂಲ್ಯಾಗ ಪಕ್ ಒಗದು, ಅದರ ಹಿಂದ ಇಬ್ಬರು ಓಡಿ ಡಿಫೆನ್ಸ್‌ಮನ್‌ಗೆ ತಲಿ ಎತ್ತಾಕ ಬಿಡದಂಗ ಬಡಿಯೂದು. ಒಂದು ಮ್ಯಾಚಿನ್ಯಾಗ ತಡಕೋಬಹುದು, ಏಳು ಮ್ಯಾಚ್ ದಿನಾ ಬಿಟ್ಟು ದಿನಾ ಅದನ್ನ ತಿಂದ್ರ ಎಂಥಾ ಡಿಫೆನ್ಸ್‌ಮನ್ನೂ ಪಾಸ್ ಅರ್ಧಾ ಸೆಕೆಂಡ್ ಮೊದಲ ಒಗದು ಕೈ ತೊಳಕೋತಾನ. ಪಾಲ್ ಮೊರೀಸ್ ಕೋಚ್ ಆಗಿ ಬಂದ ಮ್ಯಾಲ ಈ ಟೀಮು ಮೂರು ವರ್ಷ ಸತತ ಫೈನಲ್ ಆಡೇದ, 2023ರಾಗ ವೇಗಸ್ ಕಡೆ ಐದು ಮ್ಯಾಚಿನ್ಯಾಗ ಸೋತಾಗ ಅರ್ಧಾ ಟೀಮು ಪೆಟ್ಟು ತಿಂದಿತ್ತು, ಮ್ಯಾಥ್ಯೂ ಟಕಾಚಕ್ ಎದಿ ಎಲುಬು ಮುರಕೊಂಡು ಆಡಿದ್ದ. ಆ ಸೋಲಿನಿಂದ ಕಲತಾರ. ನನಗ ಈ ಟೀಮಿನ ಬಗ್ಗೆ ಗೌರವ ಅದ.

ಸೌಮ್ಯ_ಮೈಸೂರು:
ಡ್ರೈಸೈಟ್ಲ್ ಬಗ್ಗೆ ಯಾರೂ ಹೇಳ್ಲಿಲ್ವಲ್ಲ? 2024ರ ಫೈನಲ್‌ನಲ್ಲಿ ಅವ್ರು ಒಂದೂ ಗೋಲ್ ಹೊಡೀಲಿಲ್ಲ, ಏಳು ಮ್ಯಾಚಲ್ಲಿ ಮೂರು ಅಸಿಸ್ಟ್ ಅಷ್ಟೇ. ಆಮೇಲೆ ನೋಡಿದ್ರೆ ಪಕ್ಕೆಲುಬಿಗೆ ಬೆರಳಿಗೆ ಪೆಟ್ಟಾಗಿತ್ತಂತೆ. 2025ರಲ್ಲಿ ಅದೇ ಮನುಷ್ಯ ಒಂದೇ ಪ್ಲೇಆಫ್‌ನಲ್ಲಿ ನಾಲ್ಕು ಓವರ್‌ಟೈಮ್ ಗೋಲ್ ಹೊಡೆದು ದಾಖಲೆ ಮಾಡಿದ್ರು, ಗೇಮ್ 1 ಮತ್ತೆ ಗೇಮ್ 4 ಎರಡನ್ನೂ ಅವ್ರೇ ಮುಗ್ಸಿದ್ದು. ಹಾಗಾದ್ರೆ 2024ರ ಪವರ್ ಪ್ಲೇ ಕೆಟ್ಟಿದ್ದು ಬಾರ್ಕೋವ್ ಸ್ಟಿಕ್‌ನಿಂದಾನಾ, ಡ್ರೈಸೈಟ್ಲ್ ಕೈಯಿಂದಾನಾ?

ಇನ್ನೊಂದು, ಮೆಕ್‌ಡೇವಿಡ್‌ಗೆ 2024ರಲ್ಲಿ ಸೋತ್ರೂ ಪ್ಲೇಆಫ್‌ನ ಬೆಸ್ಟ್ ಆಟಗಾರನಿಗೆ ಕೊಡೋ ಕಾನ್ ಸ್ಮೈತ್ ಟ್ರೋಫಿ ಕೊಟ್ರಲ್ಲ, ಅವ್ರು ಅದನ್ನ ತಗೊಳ್ಳೋಕೆ ಐಸ್ ಮೇಲೆ ಬರ್ಲೇ ಇಲ್ಲ. ನನಗೆ ಅದು ತುಂಬಾ ತಟ್ಟಿತು.

ಜಯನಗರ_ಟು_ಎಡ್ಮಂಟನ್:
ಮೇಡಂ, ಈ ಥ್ರೆಡ್‌ನಲ್ಲಿ ನನ್ನ ವಾದಕ್ಕೆ ಬಿದ್ದ ಗಟ್ಟಿ ಪೆಟ್ಟು ಇದು. ಎರಡೂ ಸೇರಿದೆ ಅಂತ ನನಗನ್ಸುತ್ತೆ. ಬೆರಳು ಸರಿ ಇಲ್ದಿದ್ರೆ ಒನ್ ಟೈಮರ್ ಹೊಡೆಯೋದು ಕಷ್ಟ, ಪಕ್ ಬರ್ತಿದ್ದಂಗೆ ನಿಲ್ಲಿಸದೇ ಬೀಸ್ಬೇಕು. ಅವನ ಶಾಟ್ ಹೆದರಿಕೆ ಇಲ್ಲ ಅಂತ ಗೊತ್ತಾದ್ರೆ ಎದುರಾಳಿ ಆ ಕಡೆ ಬಿಟ್ಟು ಮೆಕ್‌ಡೇವಿಡ್ ಕಡೆ ಒಬ್ಬನ್ನ ಜಾಸ್ತಿ ಕಳಿಸ್ಬಹುದು.

ಕಾನ್ ಸ್ಮೈತ್ ಮಾತ್ರ ನೂರಕ್ಕೆ ನೂರು ನ್ಯಾಯ. 25 ಮ್ಯಾಚಲ್ಲಿ 42 ಪಾಯಿಂಟ್, ಅದರಲ್ಲಿ 34 ಅಸಿಸ್ಟ್, 1988ರಲ್ಲಿ ಗ್ರೆಟ್ಸ್‌ಕಿ ಇದೇ ಆಯಿಲರ್ಸ್ ಜೆರ್ಸಿಯಲ್ಲಿ ಮಾಡಿದ 31ರ ದಾಖಲೆ ಮುರಿದ. ಸೋತ ಟೀಮಿನವ್ರಿಗೆ ಇದು ಸಿಕ್ಕಿದ್ದು ಅದಕ್ಕೂ ಮುಂಚೆ 2003ರಲ್ಲಿ ಗೋಲಿ ಜಿಗೇರ್‌ಗೆ, ಗೋಲಿ ಅಲ್ಲದವ್ರಲ್ಲಿ 1976ರ ರೆಜಿ ಲೀಚ್‌ಗೆ. ಅವತ್ತು ಅವನು ಬರ್ಲಿಲ್ಲ ಅನ್ನೋದನ್ನ ಅಹಂಕಾರ ಅಂದವ್ರಿದಾರೆ, ಆದ್ರೆ ಆ ಮನುಷ್ಯನಿಗೆ ಬೇಕಿದ್ದಿದ್ದು ಒಂದೇ ಟ್ರೋಫಿ, ಅದನ್ನ ಎದುರಿನವ್ರು ಎತ್ಕೊಂಡು ಸುತ್ತು ಹೊಡೀತಿದ್ರು. 2025ರ ಫೈನಲ್ ಆದಾಗ ಅವನ ಕಾಂಟ್ರಾಕ್ಟ್ 2026ಕ್ಕೆ ಮುಗಿಯೋದಿತ್ತು, ಇಲ್ಲಿ ಊರಿಗೆ ಊರೇ ಅದನ್ನೇ ಯೋಚನೆ ಮಾಡ್ತಿತ್ತು.

ಟೊರೊಂಟೊ_ರಾಯ:
ಫಾರ್ಮ್ಯಾಟ್ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಡಿವಿಷನ್ ಒಳಗೇ ಜೋಡಿ ಮಾಡೋದ್ರಿಂದ ಆಯಿಲರ್ಸ್, ಲಾಸ್ ಏಂಜಲಿಸ್ ಕಿಂಗ್ಸ್ ಮೊದಲನೇ ರೌಂಡಲ್ಲಿ 2022, 23, 24, 25 ನಾಲ್ಕು ವರ್ಷ ಸತತ ಆಡಿದ್ರು, ನಾಲ್ಕೂ ಸಲ ಆಯಿಲರ್ಸೇ ಗೆದ್ರು. ಕಿಂಗ್ಸ್ ಅಭಿಮಾನಿಗಳ ಕಷ್ಟ ನೋಡಿ, 82 ಮ್ಯಾಚ್ ಆಡಿ ಬಂದು ಅದೇ ಗೋಡೆ. ಕಾನ್ಫರೆನ್ಸ್‌ನ 1ನೇ ಟೀಮಿಗೆ 8ನೇದು, 2ಕ್ಕೆ 7, ಹಾಗೆ ಹಾಕಿದ್ರೆ ಸೀಸನ್‌ನ ಪಾಯಿಂಟಿಗೆ ಬೆಲೆ ಬರುತ್ತೆ. ಈಗಂತೂ ಸೀಸನ್‌ನಲ್ಲಿ ಮೊದಲು ಬಂದವ್ರಿಗೂ ಏನೂ ಗ್ಯಾರಂಟಿ ಇಲ್ಲ, 2024ರಲ್ಲಿ 114 ಪಾಯಿಂಟ್‌ನ ರೇಂಜರ್ಸ್‌ನ ಇದೇ ಫ್ಲೋರಿಡಾ ಆರು ಮ್ಯಾಚಲ್ಲಿ ಮನೆಗೆ ಕಳಿಸ್ತು, 2025ರಲ್ಲಿ 116 ಪಾಯಿಂಟ್‌ನ ವಿನಿಪೆಗ್ ಎರಡನೇ ರೌಂಡಲ್ಲೇ ಹೋಯ್ತು.

ಒಂದು ಟೀಮು ಆಟಗಾರರಿಗೆ ಒಟ್ಟು ಇಷ್ಟೇ ಕೊಡ್ಬಹುದು ಅನ್ನೋ ಸಂಬಳದ ಮಿತಿ ಬಗ್ಗೆನೂ ಯಾರಾದ್ರೂ ಬರೀರಿ. ಟಕಾಚಕ್ 2025ರ ಫೆಬ್ರವರಿಯಲ್ಲಿ ಪೆಟ್ಟು ಮಾಡ್ಕೊಂಡ, ಗಾಯಾಳು ಪಟ್ಟಿಗೆ ಹೋದ, ಆ ಜಾಗದ ದುಡ್ಡಲ್ಲಿ ಫ್ಲೋರಿಡಾ ಹೊಸಬ್ರನ್ನ ತಗೊಂಡ್ರು, ಪ್ಲೇಆಫ್ ಮೊದಲನೇ ಮ್ಯಾಚಿಗೆ ಟಕಾಚಕ್ ಹಾಜರು. ನಿಯಮದ ಪ್ರಕಾರನೇ ಮಾಡಿದ್ದು, ಪೆಟ್ಟೂ ನಿಜವಾದ್ದೇ, ಆದ್ರೆ ಆಗಿದ್ದ ಆ ನಿಯಮ ಸರಿ ಇರ್ಲಿಲ್ಲ.

ಮಂಗ್ಳೂರು_ಗೋಲಿ:
2025 ಬಗ್ಗೆ ನಂಗೆ ಹೇಳ್ಲಿಕ್ಕೆ ಉಂಟು. ಹೈಮನ್ ಡಲ್ಲಾಸ್ ಸೀರೀಸ್‌ನಲ್ಲಿ ಕೈ ಮಣಿಕಟ್ಟು ಕಳಚಿ ಫೈನಲ್ ಆಡ್ಲಿಲ್ಲ. ಗೋಲಿ ಸ್ಕಿನ್ನರ್, ಪಿಕಾರ್ಡ್, ಮತ್ತೆ ಸ್ಕಿನ್ನರ್. ಗೇಮ್ 4ರಲ್ಲಿ 0-3 ಹಿಂದೆ ಇದ್ದು 5-4 ಗೆದ್ದದ್ದು ಎಂಥ ಮ್ಯಾಚ್! ಆದ್ರೆ ಗೆಲ್ಲುವ ಮೊದಲು 20 ಸೆಕೆಂಡಿಗಿಂತ ಕಡಿಮೆ ಇರುವಾಗ ರೈನ್‌ಹಾರ್ಟ್ ಸಮ ಮಾಡಿದ್ದ, ಓವರ್‌ಟೈಮ್‌ಗೆ ಎಳೆದ. ಅದೇ ಮನುಷ್ಯ ಗೇಮ್ 6ರಲ್ಲಿ ನಾಲ್ಕು ಗೋಲ್. 2025ರಲ್ಲಿ ಆಯಿಲರ್ಸ್ ಸೋತದ್ದಕ್ಕೆ ಪವರ್ ಪ್ಲೇ ಕಾರಣ ಅಲ್ಲ ಅಂತ ನನ್ನ ಲೆಕ್ಕ, ಫಾರ್ವರ್ಡ್‌ಗಳು ಮೂರು ಮೂರು ಜನರ ಲೈನ್ ಆಗಿ ಇಳಿಯುದಲ್ಲ, ಫ್ಲೋರಿಡಾದ ಮೂರನೇ ಲೈನ್‌ನಲ್ಲಿ ಮಾರ್ಷಂಡ್ ಇದ್ದ, ಫೈನಲ್‌ನಲ್ಲೇ ಆರು ಗೋಲ್. ಆಯಿಲರ್ಸ್ ಮೂರನೇ ಲೈನ್‌ನಲ್ಲಿ ಅಂಥವ ಯಾರಿದ್ದ ಹೇಳಿ.

ಜಯನಗರ_ಟು_ಎಡ್ಮಂಟನ್:
2025ರ ಮಟ್ಟಿಗೆ ಒಪ್ತೀನಿ, ಅಲ್ಲಿ ಫ್ಲೋರಿಡಾ ಪ್ರತಿ ಲೈನಲ್ಲೂ ನಮಗಿಂತ ಮುಂದಿತ್ತು. 2024 ಹಾಗಲ್ಲ. ಅದು ನಮ್ಮ ಕೈಯಲ್ಲಿತ್ತು.

ಗೋಣಿಕೊಪ್ಪ_ಹಾಕಿ:
ನೀವು ಹೇಳಿದ 2024ರ ಗೇಮ್ 2 ಪವರ್ ಪ್ಲೇ ಮಾತ್ರ ಕೂತು ನೋಡ್ದೆ, ನಿಲ್ಲಿಸಿ ನಿಲ್ಲಿಸಿ. ನಮ್ಮ ಆಟದವನ ಕಣ್ಣಿಗೆ ಕಂಡಿದ್ದು ಹೇಳ್ತೀನಿ. ಬಾರ್ಕೋವ್ ಮೆಕ್‌ಡೇವಿಡ್ ಮೇಲೆ ಓಡಿ ಹೋಗಲ್ಲ. ಎದುರಿಗೆ ನಿಂತು ಸ್ಟಿಕ್ ಉದ್ದಕ್ಕೆ ಐಸ್ ಮೇಲೆ ಇಟ್ಟು ಒಂದೇ ಕಡೆ ಬಿಡ್ತಾನೆ, ಬೋರ್ಡ್ ಕಡೆ. ಮೆಕ್‌ಡೇವಿಡ್‌ಗೆ ಅಲ್ಲಿ ಜಾಗ ಇದೆ, ಆದ್ರೆ ಅಲ್ಲಿಂದ ಗೋಲ್ ಕಾಣಲ್ಲ. ಮೇಲೆ ಬುಷಾರ್ಡ್‌ಗೆ ಪಾಸ್ ಕೊಟ್ಟ ತಕ್ಷಣ ಇನ್ನೊಬ್ಬ ಮೊಣಕಾಲು ಬಾಗಿಸಿ ಶಾಟ್ ದಾರಿಗೆ ಬಂದಾಗಿರುತ್ತೆ. ಇದು ನಮ್ಮ ಫಸ್ಟ್ ರಶರ್ ಓಡೋ ಹಾಗಲ್ಲ, ಇಲ್ಲಿ ತಾಳ್ಮೆಯಿಂದ ಕಾಯೋದೇ ಕೆಲಸ. ಗೇಮ್ 5ರಲ್ಲಿ ಹೈಮನ್ ಪವರ್ ಪ್ಲೇ ಗೋಲ್ ಹೊಡೆದಿದಾನಲ್ಲ, ಅಷ್ಟರಲ್ಲಿ ಆಯಿಲರ್ಸ್ ಏನು ಬದಲಾಯಿಸಿದ್ರು ಅಂತ ಗೊತ್ತಾಗ್ಬೇಕು. ಆ ಮ್ಯಾಚ್ ಇಳಿಸ್ಕೊಂಡಿದೀನಿ, ಈ ಭಾನುವಾರ ನೋಡಿ ಇಲ್ಲೇ ಬರೀತೀನಿ. ಡ್ರೈಸೈಟ್ಲ್ ಎಲ್ಲಿ ನಿಂತಿದ್ರು ಅನ್ನೋದನ್ನೂ ನೋಡ್ತೀನಿ, ಸೌಮ್ಯ ಅವರ ಪ್ರಶ್ನೆಗೆ ಅಲ್ಲಿ ಉತ್ತರ ಸಿಗ್ಬಹುದು.